ಸಂಸ್ಥೆಯ ಜಾಲವನ್ನು ರಚಿಸುವ ವಿದ್ಯೆ



ನಮ್ಮ ಮನೆಗಳ ಹುಡುಗರೂ ಹುಡುಗಿಯರೂ ಈಗ ಕಲಿಯುತ್ತಿರುವ ವಿದ್ಯೆಗಳಲ್ಲಿ, ಒಂದು ಸಂಸ್ಥೆಗೆ ಬೇಕಾದ ಗಣಕಯಂತ್ರಗಳ ಜಾಲವನ್ನು ರಚಿಸಿಕೊಡುವ ವಿದ್ಯೆಯೂ ಒಂದು. ಅವರು ಇದನ್ನು ‘ನೆಟ್‌ವರ್ಕ್ ಡಿಸೈನ್’ ಎನ್ನುವರು. ‘ಅದೇನಪ್ಪಾ, ರಾತ್ರಿಯೆಲ್ಲ ಕುಳಿತು ಓದುತ್ತೀಯೆ?’ ಎಂದು ಅಜ್ಜನೋ ತಂದೆಯೋ ಕೇಳಿದರೆ, ಹೇಳಿದರೂ ಇವರಿಗೆ ತಿಳಿಯದೆಂದು ಬಗೆದು ಮಕ್ಕಳು ನಕ್ಕು ಸುಮ್ಮನಾಗುವರು; ತಂತಿ ಎಳೆಯುವ ಕೆಲಸವಿರಬೇಕೆಂದು ತಿಳಿದು ಹಿರಿಯರೂ ಸುಮ್ಮನಾಗುವರು. ಮಾತು ಇಷ್ಟಕ್ಕೇ ಮುಗಿಯುವಂತಿದ್ದರೆ ಚಿಂತೆಯಿರಲಿಲ್ಲ. ಆದರೆ ಆ ಹಿರಿಯರೇ ಮರುದಿನ ಶಾಲೆಯ ಆಡಳಿತ ಮಂಡಳಿಯಲ್ಲಿಯೋ, ಸಹಕಾರ ಸಂಘದಲ್ಲಿಯೋ, ಧರ್ಮಾಸ್ಪತ್ರೆಯ ಸಮಿತಿಯಲ್ಲಿಯೋ ಸದಸ್ಯರಾಗಿ ಕುಳಿತಿರುವರು. ಎರಡನೆಯ ಸರ್ವರಿಗೆ ಹಣ ಮಂಜೂರು ಮಾಡಬೇಕೆಂಬ ಅರ್ಜಿ ಮುಂದೆ ಬಂದಾಗ, ‘ಒಂದು ಇದೆಯಷ್ಟೆ, ಇನ್ನೊಂದೇಕೆ?’ ಎಂದು ಬರೆದು ಹಿಂದಕ್ಕೆ ಕಳುಹಿಸುವರು. ಆ ಒಂದು ಬರಹದಿಂದ ಏನೇನು ಆಗಬಹುದೆಂಬುದನ್ನು ಅರಿತುಕೊಳ್ಳುವುದು ಗೃಹಸ್ಥರಿಗೂ ಅವಶ್ಯವೆಂದು ತೋರಿದ್ದರಿಂದ ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಮೊದಲು ಒಂದು ಭೇದವನ್ನು ಗ್ರಹಿಸಬೇಕು. ತಂತಿ, ಸ್ವಿಚ್ಚು, ರೌಟರು ಇವೆಲ್ಲ ಊರಿನ ಬೀದಿಗಳಿದ್ದಂತೆ. ಬೀದಿಗಳಿದ್ದ ಮಾತ್ರಕ್ಕೆ ಊರು ನಡೆಯುವುದಿಲ್ಲ. ಯಾವ ಮನೆಗೆ ಯಾವ ಸಂಖ್ಯೆ, ಯಾವ ಸಂಖ್ಯೆಯಲ್ಲಿ ಯಾರ ವಾಸ, ಕೋಟೆಯ ಬಾಗಿಲನ್ನು ಯಾರಿಗೆ ತೆರೆಯಬೇಕು, ಗಂಟೆ ಈಗ ಎಷ್ಟು, ಇವನ್ನು ಹೇಳುವವರು ಬೇಕು. ಈ ಉಪಕಾರಗಳನ್ನೇ ಜಾಲದ ಸೇವೆಗಳು ಎನ್ನುವರು. ಬೀದಿಯನ್ನು ದುಡ್ಡು ಕೊಟ್ಟು ಹಾಕಿಸಬಹುದು. ಸೇವೆಗಳನ್ನು ಯೋಚಿಸಿಯೇ ಏರ್ಪಡಿಸಬೇಕು. ಕಲಿಯತಕ್ಕ ವಿದ್ಯೆಯ ಸಾರವೆಲ್ಲ ಈ ಎರಡನೆಯದರಲ್ಲಿದೆ.

ಸೇವೆ ನಿಂತರೆ ಏನಾಗುವುದೆಂಬುದಕ್ಕೆ ನಮ್ಮ ಮನೆಗಳೇ ಸಾಕ್ಷಿ. 2021ನೆಯ ಇಸವಿ ಅಕ್ಟೋಬರ್ 4ನೆಯ ತಾರೀಖು ರಾತ್ರಿ 9 ಗಂಟೆ ದಾಟಿದ ಹೊತ್ತಿಗೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಏಕಕಾಲದಲ್ಲಿ ನಿಂತುಹೋದವು. ತಮ್ಮ ಫೋನೇ ಕೆಟ್ಟಿತೆಂದು ಆರಿಸಿ ಹೊತ್ತಿಸಿದವರು ಎಷ್ಟು ಮಂದಿಯೋ! ಸುಮಾರು ಆರು ಗಂಟೆಗಳ ಕಾಲ ಹೀಗಿತ್ತು. ನಡೆದುದೇನೆಂಬುದನ್ನು ಆ ಸಂಸ್ಥೆಯವರೇ ಬಳಿಕ ಪ್ರಕಟಿಸಿದರು. ತಮ್ಮ ಡೇಟಾ ಸೆಂಟರುಗಳನ್ನು ಒಂದಕ್ಕೊಂದು ಜೋಡಿಸುವ ಹೆದ್ದಾರಿಯಂಥ ಜಾಲದ ಸಾಮರ್ಥ್ಯವನ್ನು ಅಳೆಯಬೇಕೆಂದು, ದುರಸ್ತಿಯ ನಡುವೆ ಒಂದು ಆಜ್ಞೆಯನ್ನು ಕೊಟ್ಟರಂತೆ. ಅದು ಅಳೆಯುವುದಕ್ಕೆ ಬದಲಾಗಿ ಹೆದ್ದಾರಿಯನ್ನೇ ಕಡಿದುಹಾಕಿತು. ಅಂಥ ಆಜ್ಞೆಗಳನ್ನು ತಡೆಯಬೇಕಾಗಿದ್ದ ಪರೀಕ್ಷಕ ಸಾಧನದಲ್ಲಿಯೇ ದೋಷವಿದ್ದುದರಿಂದ ಅದು ತಡೆಯಲಿಲ್ಲ.

ಇನ್ನು ಮುಂದಿನದು ಸೋಜಿಗ. ಆ ಸಂಸ್ಥೆಯ ಹೆಸರುಗಳಿಗೆ ವಿಳಾಸ ಹೇಳುವ ಡಿ.ಎನ್.ಎಸ್. ಸರ್ವರುಗಳು ಬೇರೆ ಚಿಕ್ಕ ಠಾಣೆಗಳಲ್ಲಿದ್ದುವು. ಅವಕ್ಕೆ ಏನೂ ಆಗಿರಲಿಲ್ಲ. ಆದರೆ ಡೇಟಾ ಸೆಂಟರಿನೊಡನೆ ಮಾತು ತಪ್ಪಿದರೆ ತಮ್ಮಲ್ಲಿಯೇ ಏನೋ ಕೆಟ್ಟಿದೆಯೆಂದು ತಿಳಿದು, ‘ನಮ್ಮ ಬಳಿಗೆ ಬರುವ ದಾರಿ ಇದು’ ಎಂಬ ಪ್ರಕಟಣೆಯನ್ನು ಲೋಕದಿಂದ ಹಿಂತೆಗೆದುಕೊಳ್ಳಬೇಕೆಂದು ಅವಕ್ಕೆ ಮೊದಲೇ ಕಟ್ಟುಮಾಡಿದ್ದರು. ಅವು ವಿಧೇಯವಾಗಿ ಹಾಗೆಯೇ ಮಾಡಿದುವು. ಎಲ್ಲವೂ ಒಟ್ಟಿಗೆ ಮಾಡಿದುವು. ಯಂತ್ರಗಳು ಇದ್ದಲ್ಲೇ ಇದ್ದರೂ ಲೋಕದ ಪಾಲಿಗೆ ಆ ಸಂಸ್ಥೆಯೇ ಇಲ್ಲದಂತಾಯಿತು. ಒಳಗಿನ ನೌಕರರು ದೋಷವನ್ನು ಹುಡುಕುವುದಕ್ಕೆ ಬಳಸುತ್ತಿದ್ದ ಸಾಧನಗಳೂ ಅದೇ ಡಿ.ಎನ್.ಎಸ್. ಅನ್ನು ನೆಚ್ಚಿಕೊಂಡಿದ್ದರಿಂದ ಅವೂ ನಿಂತುವು. ಕಡೆಗೆ ಡೇಟಾ ಸೆಂಟರಿಗೇ ಜನರನ್ನು ಕಳುಹಿಸಿದರೆ, ಕಳ್ಳರು ಬಾರದಂತೆ ಭದ್ರಪಡಿಸಿದ್ದ ಆ ಕಟ್ಟಡಗಳನ್ನು ಹೊಗುವುದಕ್ಕೂ, ಹೊಕ್ಕ ಮೇಲೆ ಯಂತ್ರಗಳನ್ನು ಮುಟ್ಟುವುದಕ್ಕೂ ಬಹಳ ಹೊತ್ತು ಹಿಡಿಯಿತು. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲೆಳೆದುಕೊಂಡು ಬಂದ ಗೃಹಸ್ಥನ ಅವಸ್ಥೆಯೂ ಇದೇ ಅಲ್ಲವೆ? ಒಂದೊಂದು ಏರ್ಪಾಡೂ ತನ್ನಷ್ಟಕ್ಕೆ ವಿವೇಕವುಳ್ಳದ್ದೇ. ಒಂದು ಇನ್ನೊಂದನ್ನು ಎಲ್ಲಿ ನೆಚ್ಚಿಕೊಂಡಿದೆಯೆಂಬುದನ್ನು ಕಾಣುವುದೇ ರಚನಾಕಾರನ ಕಣ್ಣು.

ಆ ಕಣ್ಣನ್ನು ಪಡೆಯುವ ಬಗೆ ಹೇಗೆ? ಒಂದು ಊರಿನ ಆಸ್ಪತ್ರೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. 50 ಹಾಸಿಗೆ; ಕಚೇರಿ, ಔಷಧಾಲಯ, ರಕ್ತಪರೀಕ್ಷೆಯ ಶಾಲೆ, ಎಕ್ಸ್‌ರೇ ಕೋಣೆ; ಹೊರಗೆ ರೋಗಿಗಳ ಕಡೆಯವರು ಕಾದು ಕುಳಿತುಕೊಳ್ಳುವ ಪಡಸಾಲೆ. ಇದಕ್ಕೊಂದು ಜಾಲವನ್ನು ರಚಿಸಬೇಕು. ಅವಿವೇಕಿಯಾದ ವಿದ್ಯಾರ್ಥಿ ಮೊದಲ ದಿನವೇ ಯಾವ ಕಂಪನಿಯ ರೌಟರು ಒಳ್ಳೆಯದೆಂದು ವಿಚಾರಿಸತೊಡಗುವನು. ವಿವೇಕಿ ಕಾಗದ ಪೆನ್ಸಿಲು ಹಿಡಿದು ಆಸ್ಪತ್ರೆಯನ್ನೆಲ್ಲ ಸುತ್ತುವನು. ಯಾರು ಏನು ಕೆಲಸ ಮಾಡುವರು? ಯಾವ ಕೆಲಸ ಒಂದು ಗಳಿಗೆ ನಿಂತರೆ ಪ್ರಾಣಕ್ಕೆ ಸಂಚಕಾರ, ಯಾವುದು ಒಂದು ದಿನ ನಿಂತರೂ ಬಾಧಕವಿಲ್ಲ? ಮಧ್ಯರಾತ್ರಿ ರಕ್ತದ ಫಲಿತಾಂಶ ವೈದ್ಯರಿಗೆ ಯಾವ ದಾರಿಯಿಂದ ತಲಪುವುದು? ಐದು ವರ್ಷದಲ್ಲಿ ಕಟ್ಟಡ ಬೆಳೆಯುವುದೇ? ಈ ಪ್ರಶ್ನೆಗಳಿಗೆ ದಾದಿಯರಿಂದಲೂ ಗುಮಾಸ್ತರಿಂದಲೂ ಉತ್ತರ ಪಡೆದು ಬರೆದುಕೊಳ್ಳುವುದೇ ಮೊದಲನೆಯ ಪಾಠ.

ಎರಡನೆಯ ಪಾಠ ಸಂಖ್ಯೆಗಳದು. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ಐ.ಪಿ. ವಿಳಾಸವಿರತಕ್ಕದ್ದು. ಹಳೆಯ ಪದ್ಧತಿಯಲ್ಲಿ ಈ ವಿಳಾಸ 32 ಬಿಟ್ಟುಗಳದಾದ್ದರಿಂದ ಲೋಕಕ್ಕೆಲ್ಲ ಸೇರಿ 429 ಕೋಟಿಗಿಂತ ಕೊಂಚ ಹೆಚ್ಚು ವಿಳಾಸಗಳು ಮಾತ್ರ ಸಾಧ್ಯ. ಈ ಉಗ್ರಾಣದ ಕಡೆಯ ಗಂಟುಗಳನ್ನು 2011ರ ಫೆಬ್ರವರಿ 3ರಂದು ಐದು ಪ್ರಾಂತೀಯ ಸಂಸ್ಥೆಗಳಿಗೆ ಹಂಚಿ ಮುಗಿಸಿದರು. 128 ಬಿಟ್ಟುಗಳ ಹೊಸ ಪದ್ಧತಿ ಬಂದಿದೆ, ಹಳೆಯದೂ ನಡೆಯುತ್ತಿದೆ. ಹಳೆಯದು ಬರಿದಾಗಿಯೂ ನಡೆಯುವುದು ಹೇಗೆಂದರೆ, ಮನೆಯೊಳಗೆ ಮಾತ್ರ ಸಲ್ಲುವ ಕೆಲವು ವಿಳಾಸಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿರುವರು. 10 ಎಂಬ ಅಂಕೆಯಿಂದ ತೊಡಗುವುವು, 192.168 ಎಂದು ತೊಡಗುವುವು ಇಂಥವು. ಒಳಗಿನ ನೂರು ಯಂತ್ರಗಳು ಹೊರಗೆ ಹೋಗುವಾಗ ಬಾಗಿಲಲ್ಲಿರುವ ರೌಟರು ತನ್ನ ಒಂದೇ ಹೊರ ವಿಳಾಸವನ್ನು ಅವುಗಳ ಮೇಲೆ ಹೊದಿಸಿ ಕಳುಹಿಸುವುದು. ವಾಚಕರ ಮನೆಯ ವೈಫೈ ಪೆಟ್ಟಿಗೆಯೂ ಸಾಧಾರಣವಾಗಿ ಇದನ್ನೇ ಮಾಡುತ್ತಿದೆ.

ನಮ್ಮ ಆಸ್ಪತ್ರೆಗೆ 10.20 ಎಂದು ತೊಡಗುವ ವಿಳಾಸಗಳನ್ನು ಇಟ್ಟುಕೊಂಡು, ಮೂರನೆಯ ಅಂಕೆಯಿಂದ ವಿಭಾಗವನ್ನು ಸೂಚಿಸೋಣ: 1 ಕಚೇರಿ, 2 ಔಷಧಾಲಯ, 3 ರಕ್ತಪರೀಕ್ಷೆ, 4 ಎಕ್ಸ್‌ರೇ, 9 ಪಡಸಾಲೆ. ಒಂದೊಂದು ವಿಭಾಗದಲ್ಲಿ 256 ವಿಳಾಸಗಳು. ಮೊದಲನೆಯದು ವಿಭಾಗದ ಹೆಸರಿಗೂ ಕಡೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೂ ಮೀಸಲಾಗಿ, 254 ಉಳಿಯುವುವು. ನಡುವೆ 5, 6, 7, 8 ಬೆಳವಣಿಗೆಗೆಂದು ಖಾಲಿ. ಪಾಣಿನಿಯ ಅಷ್ಟಾಧ್ಯಾಯಿಯು ಸಂಜ್ಞೆಗಳಿಂದ ಮೊದಲಾಗುವುದೆಂಬುದು ಸಂಸ್ಕೃತ ಓದಿದವರಿಗೆ ತಿಳಿದ ಸಂಗತಿ. ಯಾವುದಕ್ಕೆ ಯಾವ ಸಂಜ್ಞೆಯೆಂದು ಗೊತ್ತುಮಾಡಿಕೊಂಡರೆ ವಿಧಿಗಳನ್ನು ಚಿಕ್ಕದಾಗಿ ಹೇಳಬಹುದು. ಇಲ್ಲಿಯೂ ಹಾಗೆಯೇ. ‘9ರಿಂದ 3ಕ್ಕೆ ಪ್ರವೇಶವಿಲ್ಲ’ ಎಂದು ಒಂದು ವಾಕ್ಯದಲ್ಲಿ ನಿಯಮ ಮಾಡಬಹುದು. ವಿಳಾಸಗಳನ್ನು ಕೈಗೆ ಬಂದಂತೆ ಹಂಚಿದ್ದರೆ ಅದೇ ನಿಯಮವನ್ನು ನೂರು ಸಲ ಬರೆಯಬೇಕಾಗುವುದು.

ಮೂರನೆಯದು ವಿಳಾಸಗಳನ್ನು ಹಂಚುವ ಸೇವೆ. 1993ರಲ್ಲಿ ರೂಪುಗೊಂಡ ಇದಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು. ಹೊಸದಾಗಿ ಬಂದ ಯಂತ್ರ ‘ನನಗೆ ವಿಳಾಸ ಕೊಡುವವರಿದ್ದೀರಾ?’ ಎಂದು ಗಟ್ಟಿಯಾಗಿ ಕೂಗುವುದು. ಸರ್ವರು ‘ಇಗೋ ಇದನ್ನು ಕೊಡಬಲ್ಲೆ’ ಎನ್ನುವುದು. ‘ಅದನ್ನೇ ಕೊಡು’ ಎಂದು ಯಂತ್ರ. ‘ಕೊಟ್ಟಿದ್ದೇನೆ, ಇಷ್ಟು ಕಾಲದವರೆಗೆ’ ಎಂದು ಸರ್ವರು. ಈ ನಾಲ್ಕು ಮಾತುಗಳಲ್ಲಿ ವ್ಯವಹಾರ ಮುಗಿಯುವುದು. ಇದರಲ್ಲಿ ರಚನಾಕಾರನು ಗಮನಿಸತಕ್ಕವು ಎರಡು. ಕೂಗು ರೌಟರನ್ನು ದಾಟಲಾರದು; ಆದ್ದರಿಂದ ಬೇರೆ ವಿಭಾಗಗಳ ಕೂಗನ್ನು ಸರ್ವರಿಗೆ ಮುಟ್ಟಿಸುವ ದೂತನನ್ನು ರೌಟರಿನಲ್ಲಿ ನಿಯಮಿಸಬೇಕು. ಮತ್ತು ವಿಳಾಸ ದಾನವಲ್ಲ, ಗೇಣಿ. ಅವಧಿಯಲ್ಲಿ ಅರ್ಧ ಕಳೆದಾಗ ಯಂತ್ರ ಅದನ್ನು ಮುಂದುವರಿಸಿಕೊಡೆಂದು ಕೇಳುವುದು.

ಗೇಣಿಯ ಅವಧಿ ಎಷ್ಟಿರಬೇಕು? ಮೈಕ್ರೋಸಾಫ್ಟಿನ ಸರ್ವರಿನಲ್ಲಿ ನಾವು ಬದಲಾಯಿಸದಿದ್ದರೆ 8 ದಿನ. ಕಚೇರಿಗೆ ಅದು ಸರಿ. ಸರ್ವರು ಒಂದು ದಿನ ಮಲಗಿದರೂ ಇದ್ದ ಯಂತ್ರಗಳ ಕೆಲಸ ನಿಲ್ಲದು. ಪಡಸಾಲೆಗೆ ಅದನ್ನೇ ಇಟ್ಟರೆ? ದಿನಕ್ಕೆ 150 ಹೊಸ ಫೋನುಗಳು ಬರುವುವೆಂದರೆ ಎರಡನೆಯ ದಿನವೇ 254 ವಿಳಾಸಗಳೂ ತೀರುವುವು. ಬಂದವರು ಒಂದು ಗಂಟೆಯಲ್ಲಿ ಹೊರಟುಹೋದರೂ ಅವರ ಗೇಣಿ ಎಂಟು ದಿನ ಜೀವಂತವಾಗಿರುವುದು. ಮೂರನೆಯ ದಿನ ಬಂದವನು ‘ಆಸ್ಪತ್ರೆಯ ವೈಫೈ ಕೆಟ್ಟಿದೆ’ ಎಂದು ದೂರುವನು. ಕೆಟ್ಟದ್ದು ಯಾವುದೂ ಇಲ್ಲ. ಅಲ್ಲಿ ಎರಡು ಗಂಟೆಯ ಗೇಣಿ ಸಾಕು. ಒಂದೇ ಸೇವೆ, ಎರಡು ಕಡೆಗೆ ಎರಡು ಅಳತೆ. ಮೊದಲ ದಿನ ಜನರ ನಡೆಯನ್ನು ನೋಡಿ ಬರೆದುಕೊಂಡವನಿಗೆ ಮಾತ್ರ ಈ ಅಳತೆ ತೋಚುವುದು.

ನಾಲ್ಕನೆಯದು ಹೆಸರಿನ ಸೇವೆ. ಇದರ ಚರಿತ್ರೆ ಉಪದೇಶಪ್ರದವಾಗಿದೆ. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಆರ್ಪಾನೆಟ್ ಜಾಲದಲ್ಲಿ ಯಂತ್ರಗಳ ಹೆಸರನ್ನೂ ಸಂಖ್ಯೆಯನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಮೇಲ್ವಿಚಾರಣೆಯಲ್ಲಿ ಈ ಪಟ್ಟಿಯ ಕೆಲಸ ನಡೆಯುತ್ತಿತ್ತು. ಎಲ್ಲರೂ ಅದನ್ನು ಅಲ್ಲಿಂದ ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆಲ್ಲ ಪಟ್ಟಿಯೂ ಬೆಳೆದು, ಒಂದು ಕಚೇರಿಯಿಂದ ಅದನ್ನು ಸರಿಯಾಗಿಡುವುದು ಅಸಾಧ್ಯವಾಗುತ್ತ ಬಂತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಬೇರೊಂದು ಮಾರ್ಗವನ್ನು ರಚಿಸಿದರು. ಪಟ್ಟಿಯೆಲ್ಲವೂ ಒಬ್ಬನ ಬಳಿ ಇರಬೇಕಾಗಿಲ್ಲ. ಯಾರು ಬಲ್ಲರೆಂಬುದನ್ನು ಮೇಲಿನವನು ಬಲ್ಲನಾದರೆ ಸಾಕು. ಮೂಲದಲ್ಲಿರುವವನು ‘ಇನ್’ ಎಂಬುದನ್ನು ನೋಡಿಕೊಳ್ಳುವವನನ್ನು ತೋರಿಸುವನು. ಅವನು ಸಂಸ್ಥೆಯನ್ನು ತೋರಿಸುವನು. ಸಂಸ್ಥೆ ತನ್ನ ಯಂತ್ರವನ್ನು ತಾನು ಹೇಳುವುದು. ಅಧಿಕಾರವನ್ನು ಹಂಚಿಕೊಟ್ಟು, ಹಂಚಿಕೊಂಡವನನ್ನು ಅವನ ಪಾಲಿಗೆ ಹೊಣೆ ಮಾಡುವ ಈ ಏರ್ಪಾಡು ನಾಲ್ಕು ದಶಕಗಳಾದ ಮೇಲೂ ಲೋಕವನ್ನೆಲ್ಲ ಹೊತ್ತಿದೆ. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ವಜ್ಜಾಲದ ಮೊದಲಿನ ಪಾಲುದಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದೆಂಬುದನ್ನು ಕನ್ನಡಿಗರು ನೆನಪಿಡಬಹುದು.

ಆಸ್ಪತ್ರೆಯಲ್ಲಿ ಹೆಸರು ಹೇಳುವ ಸರ್ವರು ಎರಡು ಇರಲೇಬೇಕು. ಎರಡನ್ನೂ ಒಂದೇ ಕೋಣೆಯಲ್ಲಿ, ಒಂದೇ ವಿದ್ಯುತ್ತಿನ ತಂತಿಗೆ ಹಚ್ಚಿದ್ದರೆ ಅವು ಎಣಿಕೆಗೆ ಎರಡು, ಉಪಯೋಗಕ್ಕೆ ಒಂದೇ. ಇದೇ ನಾನು ಮೊದಲು ಹೇಳಿದ ಅರ್ಜಿಯ ಸಂಗತಿ. ಮೊದಲನೆಯ ಸರ್ವರು ಕೆಟ್ಟ ರಾತ್ರಿ ರಕ್ತಪರೀಕ್ಷೆಯ ಯಂತ್ರವೂ ಸರಿಯಾಗಿರುವುದು, ವೈದ್ಯರ ಮುಂದಿನ ಯಂತ್ರವೂ ಸರಿಯಾಗಿರುವುದು. ಒಂದು ಇನ್ನೊಂದನ್ನು ಕಾಣಲಾರದಷ್ಟೆ. ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಮಹಡಿ ಹತ್ತಿ ಓಡಬೇಕು. ಎರಡನೆಯ ಸರ್ವರಿನ ಬೆಲೆಯನ್ನು ಅಳೆಯತಕ್ಕದ್ದು ಆ ಓಟದಿಂದ.

ಗಡಿಯಾರದ ಸೇವೆಯೂ ಒಂದುಂಟು. ಪಂಚಾಂಗ ಎರಡಾದರೆ ಮನೆಯಲ್ಲಿ ಹಬ್ಬ ಎರಡು ದಿನವಾಗುವುದು. ಯಂತ್ರಗಳ ಗಡಿಯಾರ ಬೇರೆ ಬೇರೆಯಾದರೆ ಔಷಧ ಕೊಟ್ಟ ಹೊತ್ತು ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ದಾಖಲಾಗುವುದು. ಗುರುತು ಪರೀಕ್ಷಿಸುವ ಕೆಲವು ಪದ್ಧತಿಗಳಂತೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಸರಿಯಾದ ಪಾಸ್‌ವರ್ಡನ್ನೂ ತಿರಸ್ಕರಿಸುವುವು. ಆದ್ದರಿಂದ ಎಲ್ಲ ಯಂತ್ರಗಳಿಗೂ ಕಾಲ ಹೇಳುವ ಒಂದು ಪ್ರಮಾಣವನ್ನು ಗೊತ್ತುಮಾಡಬೇಕು.

ಐದನೆಯ ಪಾಠ ಬಾಗಿಲುಗಳದು. ಹೊರಗಿನ ಬಾಗಿಲಿಗೆ ಫೈರ್‌ವಾಲ್ ಎಂಬ ಕಾವಲನ್ನು ಇಡುವುದನ್ನು ಎಲ್ಲರೂ ಬಲ್ಲರು. ಒಳಗಿನ ಕೋಣೆಗಳಿಗೆ ಬಾಗಿಲಿಡುವುದನ್ನು ಮರೆಯುವರು. 2017ರ ಮೇ 12ರಂದು ವಾನಾಕ್ರೈ ಎಂಬ ಪೀಡೆ ಲೋಕದ ಅನೇಕ ದೇಶಗಳಲ್ಲಿ ಹಬ್ಬಿತು. ಯಾರೂ ಯಾವುದನ್ನೂ ಒತ್ತದಿದ್ದರೂ ಅದು ಯಂತ್ರದಿಂದ ಯಂತ್ರಕ್ಕೆ ಜಾಲದ ಮೂಲಕ ತಾನೇ ಹರಿದು, ಕಡತಗಳನ್ನು ಬೀಗ ಹಾಕಿ ಹಣ ಕೇಳುತ್ತಿತ್ತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಆಸ್ಪತ್ರೆ ಟ್ರಸ್ಟುಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಇದರಿಂದ ತೊಂದರೆಯಾಯಿತು. ಸಾವಿರಾರು ರೋಗಿಗಳಿಗೆ ಗೊತ್ತುಮಾಡಿದ್ದ ಭೇಟಿಗಳು ತಪ್ಪಿದುವು. ಕೆಲವು ಕಡೆ ತುರ್ತು ರೋಗಿಗಳನ್ನು ಬೇರೆ ಆಸ್ಪತ್ರೆಗೆ ಕಳುಹಿಸಬೇಕಾಯಿತು. ಆ ದೋಷಕ್ಕೆ ಪರಿಹಾರವನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ ತಿಂಗಳಲ್ಲೇ ಪ್ರಕಟಿಸಿತ್ತು. ಪರಿಹಾರವನ್ನು ಹಚ್ಚಿದ್ದರೆ ಒಂದು ರಕ್ಷೆ. ವಿಭಾಗ ವಿಭಾಗಕ್ಕೂ ನಡುವೆ ಬಾಗಿಲಿದ್ದರೆ ಇನ್ನೊಂದು ರಕ್ಷೆ. ಪಡಸಾಲೆಯಲ್ಲಿ ಕುಳಿತವನ ಫೋನಿಗೂ ಎಕ್ಸ್‌ರೇ ಯಂತ್ರಕ್ಕೂ ಮಾತುಕತೆ ಏತಕ್ಕೆ? ಬೇಕಾದದ್ದನ್ನು ಮಾತ್ರ ಬಿಡು, ಉಳಿದದ್ದನ್ನೆಲ್ಲ ತಡೆ ಎಂಬುದೇ ಇಲ್ಲಿಯ ಸೂತ್ರ. ಮನೆಯಿಂದ ವರದಿ ನೋಡುವ ವೈದ್ಯರಿಗೆ ವಿ.ಪಿ.ಎನ್. ಎಂಬ ಮುಚ್ಚಿದ ದಾರಿಯನ್ನು ಕೊಡಬೇಕು; ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಅಂದೇ ತೆಗೆದುಹಾಕುವವರು ಯಾರೆಂದು ಬರೆದಿಡಬೇಕು. ರೋಗಿಯ ಗುಟ್ಟು ಆಸ್ಪತ್ರೆಯ ಸ್ವತ್ತಲ್ಲ, ಅದು ಅಲ್ಲಿಟ್ಟ ನ್ಯಾಸ.

ಇಷ್ಟನ್ನೂ ಪುಸ್ತಕದಿಂದ ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು, ವಿದ್ಯೆ ಬಂದಂತಾಗುವುದಿಲ್ಲ. ಈಜನ್ನು ದಡದಲ್ಲಿ ಕಲಿಯಲಾಗದಷ್ಟೆ. ಸಂತೋಷದ ಸಂಗತಿಯೆಂದರೆ ಅಭ್ಯಾಸಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಒಂದೇ ಗಣಕಯಂತ್ರದೊಳಗೆ ಕೃತಕವಾಗಿ ನಾಲ್ಕೈದು ಯಂತ್ರಗಳನ್ನು ನಿರ್ಮಿಸುವ ತಂತ್ರಾಂಶಗಳು ಪುಕ್ಕಟೆಯಾಗಿ ದೊರೆಯುವುವು. ತಂತಿಯಲ್ಲಿ ಹರಿಯುವ ಮಾತುಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ ಎಂಬುದೂ ಹಾಗೆಯೇ. ವಿದ್ಯಾರ್ಥಿ ಮೇಲೆ ಹೇಳಿದ ನಾಲ್ಕು ಮಾತುಗಳ ವ್ಯವಹಾರವನ್ನು ಅದರಲ್ಲಿ ಕಣ್ಣಾರೆ ನೋಡಲಿ. ಬಳಿಕ ಬೇಕೆಂದೇ ಒಂದು ಸೇವೆಯನ್ನು ನಿಲ್ಲಿಸಿ, ಏನೇನು ನಿಲ್ಲುವುದೆಂದು ಮೊದಲು ಕಾಗದದಲ್ಲಿ ಬರೆದು, ನಡೆದುದರೊಡನೆ ಹೋಲಿಸಿ ನೋಡಲಿ. ಬರೆದದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವೇ ಅವನು ಇನ್ನೂ ಕಲಿಯಬೇಕಾದದ್ದು. ಆ ಅಕ್ಟೋಬರಿನ ರಾತ್ರಿ ಎಲ್ಲ ಯಂತ್ರಗಳನ್ನೂ ಮತ್ತೆ ಎಬ್ಬಿಸುವಾಗ, ವಿದ್ಯುತ್ತಿನ ಹೊರೆ ಒಮ್ಮೆಗೇ ಏರದಂತೆ ಮೆಲ್ಲಮೆಲ್ಲನೆ ಎಬ್ಬಿಸಲು ತಮಗೆ ನೆರವಾದದ್ದು ತಾವು ಮುಂಚೆ ಬೇಕೆಂದೇ ಮಾಡುತ್ತಿದ್ದ ಇಂಥ ಅಭ್ಯಾಸಗಳೆಂದು ಆ ಸಂಸ್ಥೆಯವರು ಹೇಳಿದ್ದಾರೆ.

ಕಡೆಯದು ಬರವಣಿಗೆ. ನಕ್ಷೆ, ವಿಳಾಸಗಳ ಪಟ್ಟಿ, ಪ್ರತಿಯೊಂದು ನಿಯಮಕ್ಕೂ ಕಾರಣ, ಇವು ಕಾಗದದ ಮೇಲೂ ಇರತಕ್ಕದ್ದು. ಜಾಲ ನಿಂತ ದಿನ ಜಾಲದೊಳಗಿಟ್ಟ ನಕ್ಷೆಯನ್ನು ಓದುವುದು ಹೇಗೆ? ಎಲ್ಲವೂ ಒಬ್ಬ ನೌಕರನ ತಲೆಯಲ್ಲಿದ್ದು ಅವನು ಬೇರೆ ಊರಿಗೆ ಹೋದರೆ ಸಂಸ್ಥೆ ಅನಾಥವಾಗುವುದು.

ಸಮಿತಿಗಳಲ್ಲಿ ಕುಳಿತುಕೊಳ್ಳುವ ವಾಚಕರು ಯಂತ್ರಗಳ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಯೋಜನೆ ಮುಂದೆ ಬಂದಾಗ ಐದು ಪ್ರಶ್ನೆಗಳನ್ನು ಕೇಳಿದರೆ ಸಾಕು. ಯಾವುದು ಒಂದೇ ಇದೆ, ಅದು ಕೆಟ್ಟರೆ ಯಾವ ಕೆಲಸ ನಿಲ್ಲುವುದು? ಎರಡಿದ್ದರೆ ಎರಡೂ ಒಟ್ಟಿಗೆ ಕೆಡುವ ಕಾರಣವುಂಟೆ? ಹೊರಗಿನವರು ಯಾವ ಕೋಣೆಯವರೆಗೆ ಬರಬಲ್ಲರು? ನೀವಿಲ್ಲದ ದಿನ ಬರಹವನ್ನು ನೋಡಿ ಇನ್ನೊಬ್ಬರು ನಡೆಸಬಲ್ಲರೆ? ನಿಲ್ಲಿಸಿ ಪರೀಕ್ಷಿಸಿದ್ದು ಯಾವಾಗ? ಇವಕ್ಕೆ ನೇರವಾದ ಉತ್ತರ ಬಂದರೆ ಹಣವನ್ನು ಮಂಜೂರು ಮಾಡಲಿ. ಬಾರದಿದ್ದರೆ ಯೋಜನೆಯನ್ನು ತಿದ್ದಿ ತರುವುದಕ್ಕೆ ಅವಕಾಶ ಕೊಡಲಿ. ಮನೆಯಲ್ಲಿ ಈ ವಿದ್ಯೆ ಕಲಿಯುವ ಮಗನೋ ಮೊಮ್ಮಗಳೋ ಇದ್ದರೆ ಈ ಪ್ರಶ್ನೆಗಳನ್ನು ಮೊದಲು ಅವರ ಮುಂದೆಯೇ ಇಡಬಹುದು. ತಮ್ಮ ವಿದ್ಯೆಯನ್ನು ಮನೆಯವರು ಕೇಳುವರೆಂದು ತಿಳಿದರೆ ಅವರು ಹೇಳದೆ ಇರಲಾರರು.

ಮನೆಯ ವೈಫೈ ಪೆಟ್ಟಿಗೆಗೂ ಈ ನಿಯಮಗಳಲ್ಲಿ ಹಲವು ಸಲ್ಲುವುವು. ಅದರೊಡನೆ ಬಂದ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟಿರುವ ಮನೆಗಳು ಬಹಳ. ಆ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ. ಅಷ್ಟರೊಳಗೆ ವಾಚಕರು ತಮ್ಮ ಮನೆಯ ಪೆಟ್ಟಿಗೆಯನ್ನು ತಿರುಗಿಸಿ, ಅದರ ಬೆನ್ನಿನ ಚೀಟಿಯಲ್ಲಿ ಏನು ಬರೆದಿದೆಯೆಂದು ಓದಿಟ್ಟುಕೊಂಡಿರಲಿ.